ಕ್ಲಚ್ ಪೆಡಲ್ ಇಲ್ಲದ ಗಾಡಿಯಲ್ಲಿ ಬೆಳಗಾವಿ ಪೇಟೆ ದಾಟಿದ ಐದು ವರ್ಷ

ಐದು ವರ್ಷ, 41 ಸಾವಿರ ಕಿಲೋಮೀಟರ್. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಬೆಳಗಾವಿ ಊರೊಳಗೇ ಓಡಿದ್ದು. ಹೈವೇ ಮೇಲೆ ಗಾಡಿ ಹೇಗೆ ಓಡುತ್ತೆ ಅಂತ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಸಂಜೆ ಆರು ಗಂಟೆಗೆ ಪೇಟೆ ದಾಟುವವರಿಗೆ ಉಪಯೋಗ ಆಗುವಂಥದ್ದು ನನಗೆ ಎಲ್ಲೂ ಸಿಗಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಗಾಡಿ ಸಣ್ಣದು, ಪೆಟ್ರೋಲ್, ಎಎಂಟಿ ಗೇರು, ಅಂದರೆ ಕ್ಲಚ್ ಒತ್ತದೆ ಗೇರು ತಾನೇ ಬದಲಾಗುವಂಥದ್ದು.

ನಮ್ಮ ಮನೆ ಟಿಳಕವಾಡಿ. ಅವ್ವನಿಗೆ ಲಕ್ವಾ ಹೊಡೆದ ಮೇಲೆ ವಾರಕ್ಕೆ ಮೂರು ಸಲ ಫಿಜಿಯೋಥೆರಪಿಗೆ ನೆಹರು ನಗರಕ್ಕೆ ಕರೆದುಕೊಂಡು ಹೋಗಬೇಕು. ಬೈಕ್ ಮೇಲೆ ಕೂರೋದು ಅವಳಿಗೆ ಆಗಲ್ಲ, ಆಟೋದಲ್ಲಿ ಕುಲುಕಾಟ ತಡೆಯಲ್ಲ. ದೂರ ಏನೂ ಇಲ್ಲ, ಹೆಚ್ಚೆಂದರೆ ಏಳು ಕಿಲೋಮೀಟರ್. ಆದರೆ ದಾರಿ ನೋಡಿ: ಗೋಗಟೆ ವೃತ್ತ, ಅಲ್ಲಿಂದ ರೈಲ್ವೆ ಮೇಲ್ಸೇತುವೆ, ಧರ್ಮವೀರ ಸಂಭಾಜಿ ವೃತ್ತ, ಕಾಲೇಜು ರಸ್ತೆ, ಚೆನ್ನಮ್ಮ ವೃತ್ತ, ಮುಂದೆ ಕೊಲ್ಹಾಪುರ ವೃತ್ತ. ಬೆಳಗಾವಿಯವರಿಗೆ ಈ ಹೆಸರುಗಳನ್ನು ಸಾಲಾಗಿ ಓದಿದರೇ ಸಾಕು, ಎಷ್ಟು ಹೊತ್ತು ಹಿಡಿಯುತ್ತೆ ಅಂತ ಗೊತ್ತಾಗುತ್ತೆ. ಬೆಳಿಗ್ಗೆ ಬೇಗ ಹೊರಟರೆ ಇಪ್ಪತ್ತು ನಿಮಿಷ. ಸಂಜೆಯಾದರೆ ನಲವತ್ತೈದು, ಒಮ್ಮೊಮ್ಮೆ ಒಂದು ತಾಸು.

ಹಳೇ ಗಾಡಿ ಮ್ಯಾನುಯಲ್. ನನ್ನ ಎಡ ಮೊಣಕಾಲು ಮೊದಲೇ ಸರಿ ಇಲ್ಲ. ಒಂದು ದಿನ ಮಗಳು ಪಕ್ಕದಲ್ಲಿ ಕೂತು ನಾನು ಕ್ಲಚ್ ಒತ್ತಿದ್ದನ್ನು ಎಣಿಸಿದಳು. ಮನೆಯಿಂದ ಆಸ್ಪತ್ರೆ ತನಕ 112 ಸಲ. ವಾಪಸ್ ಬರುವಾಗ ಎಣಿಸಲು ಅವಳಿಗೇ ಬೇಜಾರಾಯಿತು. ರಾತ್ರಿ ಮೊಣಕಾಲಿಗೆ ಬಿಸಿನೀರಿನ ಬ್ಯಾಗ್ ಇಟ್ಟುಕೊಂಡು ಕೂತಾಗಲೇ ಎಎಂಟಿ ತಗೊಳ್ಳೋಣ ಅಂತ ತೀರ್ಮಾನ ಮಾಡಿದ್ದು. ಆಗ ಮ್ಯಾನುಯಲ್‌ಗಿಂತ ಸುಮಾರು 50 ಸಾವಿರ ಜಾಸ್ತಿ ಆಯಿತು.

ಎಎಂಟಿ ಅಂದರೆ ಏನು ಅಂತ ಗೊತ್ತಿಲ್ಲದವರಿಗೆ ಒಂದು ಮಾತು. ಇದು ಪೂರ್ತಿ ಬೇರೆ ತರಹದ ಗೇರ್ ಬಾಕ್ಸ್ ಅಲ್ಲ. ಒಳಗೆ ಅದೇ ಮಾಮೂಲಿ ಗೇರು, ಅದೇ ಕ್ಲಚ್ ಪ್ಲೇಟು. ನಿಮ್ಮ ಕಾಲು, ಕೈ ಮಾಡುವ ಕೆಲಸವನ್ನು ಒಂದು ಯಂತ್ರ ಮಾಡುತ್ತೆ ಅಷ್ಟೇ. ನಮ್ಮ ದೇಶದಲ್ಲಿ 2014ರಲ್ಲಿ ಮಾರುತಿ ಸೆಲೆರಿಯೋದಿಂದ ಶುರುವಾಯಿತು, ಈಗ ಸಣ್ಣ ಗಾಡಿಗಳಲ್ಲೂ ಸಿಗುತ್ತೆ. ಕ್ಲಚ್ ಪ್ಲೇಟು ಇದೆ ಅನ್ನೋದನ್ನು ಮಾತ್ರ ಮರೆಯಬೇಡಿ. ಮುಂದೆ ನಾನು ಹೇಳುವ ತೊಂದರೆಗಳೆಲ್ಲ ಅಲ್ಲಿಂದಲೇ ಬಂದಿವೆ.

ಮೊದಲು ಒಳ್ಳೇದು. ಸಮತಟ್ಟು ರಸ್ತೆಯ ಜಾಮ್‌ನಲ್ಲಿ ಇದರಷ್ಟು ಸುಖ ಬೇರೆ ಇಲ್ಲ. ಕಾಲೇಜು ರಸ್ತೆಯಲ್ಲಿ ಗಾಡಿಗಳು ಇರುವೆ ಸಾಲಿನಂತೆ ಹೋಗುವಾಗ ಬ್ರೇಕಿಂದ ಕಾಲು ತೆಗೆದರೆ ಸಾಕು, ತಾನೇ ಮೆಲ್ಲಗೆ ತೆವಳುತ್ತೆ. ಮತ್ತೆ ಬ್ರೇಕ್ ಒತ್ತಿದರೆ ನಿಲ್ಲುತ್ತೆ, ಬಂದ್ ಬೀಳಲ್ಲ. ಚೆನ್ನಮ್ಮ ವೃತ್ತದಲ್ಲಿ ಬಸ್‌ಸ್ಟ್ಯಾಂಡ್ ಕಡೆಯಿಂದ ಬಸ್ಸು, ಪಕ್ಕದಲ್ಲಿ ಆಟೋ, ಕನ್ನಡಿಗೆ ತಾಗುವಷ್ಟು ಹತ್ತಿರ ಬೈಕು, ನಡುವೆ ಕೈ ಅಡ್ಡ ಹಿಡಿದು ರಸ್ತೆ ದಾಟುವ ಜನ, ಇಷ್ಟೆಲ್ಲ ಇರುವಾಗ ಗೇರಿನ ಚಿಂತೆ ಇಲ್ಲದೆ ಕಣ್ಣು ಪೂರ್ತಿ ರಸ್ತೆ ಮೇಲೆ ಇಡಬಹುದು. ನನಗೆ ಇದು ದೊಡ್ಡ ವಿಷಯ. ಮೊಣಕಾಲು ನೋವು ಎರಡು ತಿಂಗಳಲ್ಲಿ ಎಷ್ಟೋ ಕಡಿಮೆ ಆಯಿತು.

ಈಗ ಮೇಲ್ಸೇತುವೆ ಕಥೆ. ಗಾಡಿ ತಗೊಂಡು ಮೂರನೇ ವಾರ. ಗೋಗಟೆ ವೃತ್ತದಿಂದ ಏರು ಹತ್ತುವಾಗ ಮುಂದೆ ಎಲ್ಲ ನಿಂತಿತು, ನಾನೂ ನಿಂತೆ. ಮುಂದಿನ ಗಾಡಿ ಹೊರಟಿತು ಅಂತ ಬ್ರೇಕಿಂದ ಕಾಲು ತೆಗೆದು ಆಕ್ಸಿಲರೇಟರ್ ಮೇಲೆ ಇಡುವಷ್ಟರಲ್ಲಿ ಗಾಡಿ ಹಿಂದಕ್ಕೆ ಜಾರಿತು. ಹಿಂದೆ ಸ್ಕೂಟರ್ ಮೇಲಿದ್ದ ಹುಡುಗ ನಮ್ಮ ಡಿಕ್ಕಿ ಮೇಲೆ ಕೈ ಬಡಿಯುತ್ತಾ, "ಕಾಕಾ, ಗಾಡಿ ಹಿಂದ ಬರಾಕತ್ತೈತಿ, ಬ್ರೇಕ್ ಹಿಡೀರಿ!" ಅಂತ ಕೂಗಿದ. ಜೋರಾಗಿ ಬ್ರೇಕ್ ಒತ್ತಿದೆ. ಅವನ ಮುಂದಿನ ಚಕ್ರಕ್ಕೂ ನಮ್ಮ ಬಂಪರಿಗೂ ಒಂದು ಗೇಣು ಅಂತರ ಇತ್ತು. ಅವ್ವ ಏನೂ ಮಾತಾಡಲಿಲ್ಲ, ಬಾಗಿಲ ಹಿಡಿಕೆ ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಕೆಳಗಿಳಿದ ಮೇಲೆ ಪಕ್ಕಕ್ಕೆ ನಿಲ್ಲಿಸಿ ನಾನು ನೀರು ಕುಡಿದೆ. ಇವತ್ತಿಗೂ ಆ ಹುಡುಗನ ದನಿ ಕಿವಿಯಲ್ಲಿದೆ.

ನನ್ನ ಗಾಡಿಗೆ ಹಿಲ್ ಹೋಲ್ಡ್ ಇಲ್ಲ. ಅದು ಇರುವ ಗಾಡಿಯಲ್ಲಿ ಬ್ರೇಕ್ ಬಿಟ್ಟ ಮೇಲೂ ಒಂದೆರಡು ಸೆಕೆಂಡ್ ಗಾಡಿ ಜಾರದೆ ನಿಲ್ಲುತ್ತೆ, ಅಷ್ಟರಲ್ಲಿ ನೀವು ಆಕ್ಸಿಲರೇಟರ್ ಕೊಡಬಹುದು. ಈ ವಿಷಯ ನನಗೆ ಮಾರುವಾಗ ಯಾರೂ ಹೇಳಲಿಲ್ಲ. ಏರಿನ ಮೇಲೆ ಹೀಗೆ ಆಗುತ್ತೆ, ಹುಷಾರು ಅಂತ ಒಂದು ಮಾತು ಹೇಳಬೇಕಿತ್ತು ಅಲ್ವಾ? ನನಗೆ ಅದರ ಸಿಟ್ಟು ಇನ್ನೂ ಇದೆ.

ಆಮೇಲೆ ಹ್ಯಾಂಡ್‌ಬ್ರೇಕ್ ಅಭ್ಯಾಸ ಮಾಡಿದೆ. ಏರಿನಲ್ಲಿ ನಿಂತರೆ ಹ್ಯಾಂಡ್‌ಬ್ರೇಕ್ ಎಳೆಯೋದು, ಹೊರಡುವಾಗ ಮೆಲ್ಲಗೆ ಆಕ್ಸಿಲರೇಟರ್ ಕೊಟ್ಟು, ಗಾಡಿ ಮುಂದಕ್ಕೆ ಎಳೆಯೋದು ತಿಳಿದ ಮೇಲೆ ಬಿಡೋದು. ಭಾನುವಾರ ಬೆಳಿಗ್ಗೆ ಖಾಲಿ ರಸ್ತೆಯಲ್ಲಿ ಒಬ್ಬನೇ ಹೋಗಿ ಕಲಿತೆ. ಕಲಿತ ಮೇಲೆ ಒಂದು ಸಲವೂ ಜಾರಿಲ್ಲ.

ಇನ್ನೊಂದು ತಪ್ಪು ನನಗೆ ದುಡ್ಡು ಖರ್ಚು ಮಾಡಿಸಿತು. ಏರಿನಲ್ಲಿ ಬ್ರೇಕ್ ಹಿಡಿಯದೆ ಸುಮ್ನೆ ಆಕ್ಸಿಲರೇಟರ್ ಮೇಲೇ ಗಾಡಿಯನ್ನು ತಡೆದು ನಿಲ್ಲಿಸುವುದು ಶುರುವಿನಲ್ಲಿ ನನಗೆ ರೂಢಿಯಾಗಿತ್ತು. ಹಾಗೆ ಮಾಡಿದರೆ ಕ್ಲಚ್ ಪ್ಲೇಟು ಉಜ್ಜಿ ಉಜ್ಜಿ ಕಾಯುತ್ತೆ. ಸುಟ್ಟ ವಾಸನೆ ಎರಡು ಸಲ ಬಂದಿತ್ತು, ಹೊರಗಿನ ಲಾರಿಯದ್ದು ಅಂದುಕೊಂಡೆ. 34 ಸಾವಿರ ಕಿಲೋಮೀಟರಿಗೆ ಕ್ಲಚ್ ಹೋಯಿತು. ಎಲ್ಲ ಸೇರಿ 16 ಸಾವಿರ ರೂಪಾಯಿ. ಅಷ್ಟು ಕೊಟ್ಟ ಮೇಲೂ ಗಾಡಿ ಮೊದಲನೇ ಗೇರಿಂದ ಎರಡನೇ ಗೇರಿಗೆ ಹೋಗುವಾಗ ತಲೆ ಮುಂದಕ್ಕೆ ಬಾಗುವಷ್ಟು ಜರ್ಕ್ ಹೊಡೆಯುತ್ತಿತ್ತು. ಕುತ್ತಿಗೆ ಬಿಗಿ ಇಲ್ಲದ ಅವ್ವನನ್ನು ಕೂರಿಸಿಕೊಂಡು ಹೋಗೋಕೇ ಆಗಲಿಲ್ಲ. ಎರಡು ಸಲ ತಿರುಗಾಡಿದ ಮೇಲೆ ಒಬ್ಬ ಹಳೇ ಮಿಸ್ತ್ರಿ ಹೇಳಿದರು, ಹೊಸ ಪ್ಲೇಟು ಹಾಕಿದ ಮೇಲೆ ಸ್ಕ್ಯಾನರ್ ಹಚ್ಚಿ ಕ್ಲಚ್ ಲರ್ನಿಂಗ್ ಮಾಡಬೇಕು, ಇಲ್ಲದಿದ್ದರೆ ಪ್ಲೇಟು ಎಲ್ಲಿ ಹಿಡಿಯುತ್ತೆ ಅನ್ನೋದು ಗಾಡಿಗೆ ತಿಳಿಯಲ್ಲ ಅಂತ. ಅದನ್ನು ಮಾಡಿಸಿದ್ದೇ ತಡ, ಸರಿಹೋಯಿತು. ನೀವು ಕ್ಲಚ್ ಬದಲಾಯಿಸಿದರೆ ಇದನ್ನು ಕೇಳಿಯೇ ಗಾಡಿ ತಗೊಳ್ಳಿ.

ಉಳಿದದ್ದು ಬೇಗ ಹೇಳ್ತೀನಿ. ಮೈಲೇಜು ಪೇಟೆಯಲ್ಲಿ 12, 13. ಧಾರವಾಡಕ್ಕೆ ಹೋಗಿ ಬಂದರೆ 20. ಎಸಿ ಚೆನ್ನಾಗಿದೆ, ಜುಲೈ ಮಳೆಯಲ್ಲಿ ಗಾಜಿನ ಮೇಲಿನ ಮಂಜು ಬೇಗ ತೆಗೆಯುತ್ತೆ. ಟಿಳಕವಾಡಿ ಎರಡನೇ ರೈಲ್ವೆ ಗೇಟ್ ಹಾಕಿದಾಗ ನ್ಯೂಟ್ರಲ್‌ಗೆ ತಂದು ಹ್ಯಾಂಡ್‌ಬ್ರೇಕ್ ಎಳೆದುಬಿಡ್ತೀನಿ, ಕಾಲಿಗೂ ಆರಾಮ, ಗಾಡಿಗೂ ಆರಾಮ.

ಗಣಪತಿ ಗಲ್ಲಿ, ಮಾರುತಿ ಗಲ್ಲಿ, ಖಡೇಬಜಾರಿಗೆ ಮಾತ್ರ ಈ ಗಾಡಿ ಅಂತಲ್ಲ, ಯಾವ ಕಾರೂ ತರಬೇಡಿ. ಗೇರು ಸುಲಭ ಆದರೆ ಗಾಡಿ ಹಚ್ಚೋಕೆ ಜಾಗ ಹುಟ್ಟಲ್ಲ. ಅಲ್ಲದೆ ಸಣ್ಣ ಮೆಟ್ಟಿಲಿನಂಥ ಏರು ಹತ್ತಿಸಿ ರಿವರ್ಸ್ ಹಚ್ಚುವಾಗ ಎಎಂಟಿ ಮೊದಲು ಅಲುಗಾಡಲ್ಲ, ಸ್ವಲ್ಪ ಜಾಸ್ತಿ ಒತ್ತಿದರೆ ಒಮ್ಮೆಲೇ ನೆಗೆಯುತ್ತೆ. ಹಿಂದೆ ಮಕ್ಕಳು ಇರುವ ಗಲ್ಲಿಯಲ್ಲಿ ನನಗೆ ಧೈರ್ಯ ಬರಲ್ಲ. ನವೆಂಬರ್ 1ಕ್ಕೆ ರಾಜ್ಯೋತ್ಸವದ ಮೆರವಣಿಗೆ ದಿನ ಮತ್ತು ಗಣಪತಿ ಕಳಿಸುವ ದಿನ ಅವ್ವನ ಥೆರಪಿ ಬಂದರೆ ದಿನಾನೇ ಬದಲಿಸಿಕೊಳ್ಳುತ್ತೇವೆ. ಡಿಸೆಂಬರ್‌ನಲ್ಲಿ ಸುವರ್ಣ ವಿಧಾನಸೌಧದಲ್ಲಿ ಅಧಿವೇಶನ ಇದ್ದರೆ ಕ್ಯಾಂಪ್, ಹನುಮಾನ ನಗರ ಕಡೆಯಿಂದ ಸುತ್ತು ಹೊಡೀತೀವಿ. ದೂರ ಜಾಸ್ತಿ, ಆದರೆ ಗಾಡಿ ಓಡುತ್ತಾ ಇರುತ್ತೆ.

ಮತ್ತೆ ತಗೊಂಡರೆ ಎಎಂಟಿನೇ ತಗೋತೀನಿ, ಆದರೆ ಹಿಲ್ ಹೋಲ್ಡ್ ಇರುವುದನ್ನು. ಟೆಸ್ಟ್ ಡ್ರೈವ್‌ಗೆ ಅಂತ ನಿಮ್ಮನ್ನು ಖಾಲಿ ರಸ್ತೆಗೆ ಕರೆದುಕೊಂಡು ಹೋದರೆ ಬೇಡ ಅನ್ನಿ. ಸಂಜೆ ಆರಕ್ಕೆ ಗೋಗಟೆ ವೃತ್ತದ ಮೇಲ್ಸೇತುವೆಗೆ ಹೋಗೋಣ ಅಂತ ಕೇಳಿ. ಅರ್ಧ ಏರಿನಲ್ಲಿ ಗಾಡಿ ನಿಂತಾಗ ಕೈಯನ್ನು ಹ್ಯಾಂಡ್‌ಬ್ರೇಕ್ ಮೇಲೆ ಇಟ್ಟುಕೊಂಡು, ಹಿಂದಿನ ಕನ್ನಡಿ ನೋಡಿ, ಬ್ರೇಕಿಂದ ಕಾಲು ತೆಗೆಯಿರಿ.