ರೀಡ್ (ಸೀಕ್ವೆನ್ಸಿಂಗ್ ಮಷಿನ್ ಓದಿದ ಡಿಎನ್ಎ ತುಣುಕು) ಜಾಸ್ತಿ ಬಂತು ಅಂತ ಕುಣಿಯುವ ಮೊದ್ಲು ಇದನ್ನೊಮ್ಮೆ ಓದಿ
ನಮ್ಮದು ಕಾಸರಗೋಡಿನ ಬದಿಯಡ್ಕ ಕಡೆ. ಪ್ರಾಜೆಕ್ಟಿಗೆ ಮಾವನ ಅಡಿಕೆ ತೋಟದ್ದೇ ಮಣ್ಣು ತೆಗ್ದದ್ದು, ಕೊಳೆರೋಗಕ್ಕೆ ವರ್ಷವೂ ಮೈಲುತುತ್ತು (ತಾಮ್ರದ ಸಲ್ಫೇಟ್) ಸುಣ್ಣದ ಮದ್ದು ಬಿಡುವ ತೋಟದ್ದು ಒಂದು, ಮದ್ದೇ ಕಾಣದ ಮೂಲೆಯದ್ದು ಒಂದು. ತಾಮ್ರ ಬಿದ್ದ ಮಣ್ಣಲ್ಲಿ ಬ್ಯಾಕ್ಟೀರಿಯ ಎಷ್ಟು ಉಳಿದಿದೆ ನೋಡುವಾ ಅಂತ 16ಎಸ್ ಸೀಕ್ವೆನ್ಸಿಂಗಿಗೆ (ಬ್ಯಾಕ್ಟೀರಿಯಗಳ 16ಎಸ್ ಜೀನ್ ಓದಿ ಯಾವ್ಯಾವುದು ನೂರಕ್ಕೆ ಎಷ್ಟು ಉಂಟು ಅಂತ ಹೇಳುದು) ಕಳಿಸಿದೆ, ಆ ತಿಂಗಳ ಸ್ಟೈಪೆಂಡು ಅಲ್ಲಿಗೇ ಖಾಲಿ.

ರಿಪೋರ್ಟು ಬಂತು. ಒಂದು ಜಾತಿಯ ಬ್ಯಾಕ್ಟೀರಿಯ ಮದ್ದಿಲ್ಲದ ಮಣ್ಣಲ್ಲಿ 10%, ಮದ್ದಿನ ಮಣ್ಣಲ್ಲಿ 20%. ಡಬಲ್! ಸ್ಲೈಡ್ ಮಾಡಿದೆ, ಮಾವನಿಗೂ ಫೋನ್ ಮಾಡಿ ಹೇಳಿದೆ. ಸೆಮಿನಾರಲ್ಲಿ ಮೇಡಂ ಒಬ್ರು ಕೇಳಿದ್ದು ಒಂದೇ ಪ್ರಶ್ನೆ, "ಒಟ್ಟು ಎಷ್ಟಿತ್ತು?" ನನ್ನ ಬಾಯಿ ಬಂದ್.

ಸಂಗತಿ ಎಂತ ಅಂದ್ರೆ ಮಾರಾಯ್ರೇ, ಮಷಿನಿಗೆ ಹಾಕುವ ಮೊದ್ಲು ಎಲ್ಲಾ ಸ್ಯಾಂಪಲಿನ ಲೈಬ್ರರಿಯನ್ನೂ (ಓದ್ಲಿಕ್ಕೆ ತಯಾರು ಮಾಡಿದ ಡಿಎನ್ಎ) ಒಂದೇ ಪ್ರಮಾಣಕ್ಕೆ ಸರಿ ಮಾಡಿ ಬೆರೆಸ್ತಾರೆ, ಹಾಗಾಗಿ ಮಣ್ಣಲ್ಲಿ ಡಿಎನ್ಎ ಜಾಸ್ತಿ ಇತ್ತಾ ಕಡಿಮೆ ಇತ್ತಾ ಅನ್ನುದು ಅಲ್ಲೇ ಅಳಿಸಿ ಹೋಗ್ತದೆ. ಎರಡು ಅಂಗಳದಿಂದ ಒಂದೊಂದು ಸೇರು ಅಡಿಕೆ ತಂದು ಹೆಕ್ಕಿದ್ರೆ ನೂರಕ್ಕೆ ಎಷ್ಟು ಪಟೋರ (ಕಡಿಮೆ ದರ್ಜೆಯ ಅಡಿಕೆ) ಅಂತ ಗೊತ್ತಾದೀತು, ಅಂಗಳದಲ್ಲಿ ಎಷ್ಟು ಗೋಣಿ ಅಡಿಕೆ ಉಂಟು ಅಂತ ಹೇಗೆ ಗೊತ್ತಾಗುದು?

ಪುಣ್ಯಕ್ಕೆ ಫ್ರೀಜರಲ್ಲಿ ಮಣ್ಣು ಉಳಿದಿತ್ತು. ಜೀನಿನ ಪ್ರತಿ ಒಟ್ಟು ಎಷ್ಟುಂಟು ಅಂತ ಅಳೆಯುವ ಕ್ಯೂಪಿಸಿಆರ್ ಮಾಡಿ ನೋಡಿದ್ರೆ ಮದ್ದಿನ ಮಣ್ಣಲ್ಲಿ ಒಟ್ಟು ಬ್ಯಾಕ್ಟೀರಿಯವೇ ಅರ್ಧಕ್ಕಿಂತ ಕಮ್ಮಿ. ಮದ್ದಿಲ್ಲದಲ್ಲಿ ಒಟ್ಟು 100 ಅಂತ ಇಟ್ರೆ ಮದ್ದಿನದ್ದರಲ್ಲಿ 40. 100ರಲ್ಲಿ 10% ಅಂದ್ರೆ 10, 40ರಲ್ಲಿ 20% ಅಂದ್ರೆ 8. ಡಬಲ್ ಆದದ್ದಲ್ಲ, ಇಳಿದದ್ದು!

ಲ್ಯಾಬಿನವ್ರ ಹೆಸರು ಬೇಡ, ಅವರು ಕೇಳಿದ್ದನ್ನ ಮಾಡಿ ಕೊಟ್ರು. ಆದ್ರೆ ನಾನು ಫಾರ್ಮಲ್ಲೇ "ಪ್ರಮಾಣ ಅಳೀಬೇಕು" ಅಂತ ಬರ್ದಿದ್ದೆ, ಸ್ಪೈಕ್ (ಅಳತೆಗೆ ಅಂತ ಬೆರೆಸುವ ಹೊರಗಿನ ಬ್ಯಾಕ್ಟೀರಿಯ) ಹಾಕುದಾ ಅಂತ ಒಂದು ಮಾತು ಕೇಳ್ಬಹುದಿತ್ತಲ್ಲ. ಡಿಎನ್ಎ ತೆಗೆಯುವ ಮೊದ್ಲೇ ನಮ್ಮ ಮಣ್ಣಲ್ಲಿ ಇರಲು ಸಾಧ್ಯವೇ ಇಲ್ಲದ ಬ್ಯಾಕ್ಟೀರಿಯ, ಉಪ್ಪಿನ ಕೆರೆಯ ಸಾಲಿನಿಬ್ಯಾಕ್ಟರ್ ತರದ್ದು, ಲೆಕ್ಕ ಮಾಡಿ ಇಷ್ಟೇ ಅಂತ ಹಾಕಿದ್ರೆ ಅದರ ರೀಡಿಗೆ ಹೋಲಿಸಿ ಉಳಿದದ್ದರ ಅಂದಾಜು ಸಿಗ್ತದೆ. ಆಮೇಲೆ ಹಾಕಿದ್ರೆ ಡಿಎನ್ಎ ತೆಗೆಯುವಾಗ ಎಷ್ಟು ಕಳೆದು ಹೋಯ್ತು ಅಂತ ಗೊತ್ತಾಗುದಿಲ್ಲ. ಮಣ್ಣಿನ ತೂಕವೂ ಬರ್ದಿಡಿ, ಒಣಗಿಸಿದ್ದರ ತೂಕ. ನಮ್ಮ ಆಟಿ ತಿಂಗಳ ಮಳೆಗೆ ನೆನೆದ ಮಣ್ಣಲ್ಲಿ ಕಾಲಂಶ ನೀರೇ ಇರ್ತದೆ!

ಇನ್ನೊಂದು, ಡಿಎನ್ಎ ಎಷ್ಟುಂಟು ಅಂತ ಅಳೆಯುವ ನ್ಯಾನೋಡ್ರಾಪ್ ಮಷಿನ್ ನಂಬಿ ಕೂರ್ಬೇಡಿ. ಅದು 260 ನ್ಯಾನೋಮೀಟರಲ್ಲಿ ಬೆಳಕು ಹೀರುದನ್ನ ನೋಡುದಷ್ಟೇ, ಆರ್‌ಎನ್ಎ ಇರ್ಲಿ ಮಣ್ಣಿನ ಹ್ಯೂಮಿಕ್ ಆಸಿಡ್ ಇರ್ಲಿ ಎಲ್ಲ ಸೇರಿಸಿ ಡಿಎನ್ಎ ಅಂತ ತೋರಿಸ್ತದೆ. ನನ್ನದು ಅದರಲ್ಲಿ 80 ಬಂದದ್ದು, ಡಿಎನ್ಎಗೇ ಅಂಟುವ ಬಣ್ಣ ಹಾಕಿ ಅಳೆಯುವ ಕ್ಯೂಬಿಟ್ಟಲ್ಲಿ ಬರೀ 11.

ಮಾವ ಮಾತ್ರ ಸೊಸೈಟಿಗೆ ಅಡಿಕೆ ಕೊಡ್ಲಿಕ್ಕೆ ಹೋದಾಗ್ಲೆಲ್ಲ "ಮದ್ದು ಹೊಡೆದ್ರೆ ಒಳ್ಳೇ ಬ್ಯಾಕ್ಟೀರಿಯ ಡಬಲ್ ಆಗ್ತದೆ, ನಮ್ಮ ಹುಡುಗನೇ ಕಂಡುಹಿಡಿದದ್ದು" ಅಂತ ಈಗ್ಲೂ ಹೇಳ್ತಾ ಉಂಟು, ಅಲ್ಲ ಮಾವ ಅಂದ್ರೆ ಕೇಳುದೇ ಇಲ್ಲ.