ಎದೆಗೆ ಒಳ್ಳೇದು ಅಂತ ಕುಡಿದ ಪುಡಿ ನನ್ನನ್ನು ಐಸಿಯುನಲ್ಲಿ ಮಲಗಿಸಿತು

ಬಿಪಿ ಮಾತ್ರೆ ನುಂಗುತ್ತಾ ಅದರ ಜೊತೆಗೆ ಯಾರೋ ಕೊಟ್ಟ ‘ಹೃದಯದ ಪುಡಿ’ಯನ್ನೂ ಕುಡಿಯುತ್ತಿರುವವರು ಮೊದಲು ಎದ್ದು ಹೋಗಿ ಆ ಡಬ್ಬದ ಹಿಂಬದಿ ಓದಿ ಬನ್ನಿ. ಜ್ಯೇಷ್ಠಮಧು, ಯಷ್ಟಿಮಧು, ಅತಿಮಧುರ, ಮುಲೇಠಿ, ಲಿಕೊರೈಸ್, ಗ್ಲಿಸಿರೈಝಾ ಗ್ಲಾಬ್ರಾ, ಇವೆಲ್ಲ ಒಂದೇ ಬೇರಿನ ಹೆಸರುಗಳು. ನನಗೆ ಗೊತ್ತಿದ್ದದ್ದು ಮೊದಲನೆಯದು. ಡಬ್ಬದ ಮೇಲೆ ಇರುವೆ ಸಾಲಿನಂಥ ಅಕ್ಷರದಲ್ಲಿ ಇದ್ದದ್ದು ಕೊನೆಯದು.

ನನಗೆ 51 ವರ್ಷ. ಶಿವಮೊಗ್ಗದಲ್ಲಿ ಹೈಸ್ಕೂಲ್ ಟೀಚರ್. ನಾಲ್ಕು ವರ್ಷದಿಂದ ಬಿಪಿಗೆ ಎರಡು ಮಾತ್ರೆ ನಡೆಯುತ್ತಿವೆ: ಆಮ್ಲೋಡಿಪಿನ್ ಒಂದು, ಕ್ಲೋರ್‌ಥಾಲಿಡೋನ್ ಇನ್ನೊಂದು. ಎರಡನೆಯದು ಮೂತ್ರದಲ್ಲಿ ಉಪ್ಪನ್ನು ಹೊರಗೆ ಹಾಕಿಸುವ ಮಾತ್ರೆ. ಉಪ್ಪಿನ ಜೊತೆ ಒಂದಿಷ್ಟು ಪೊಟ್ಯಾಸಿಯಂ ಕೂಡ ಹೋಗುತ್ತದಂತೆ. ಈ ಮಾತು ಮುಂದೆ ಬೇಕಾಗುತ್ತದೆ, ನೆನಪಿರಲಿ.

ಕಳೆದ ದೀಪಾವಳಿ ಆದ ಮೇಲೆ ಡಾಕ್ಟರು ಗದರಿದರು ಅಂತ ನೆಹರೂ ಕ್ರೀಡಾಂಗಣದಲ್ಲಿ ಬೆಳಗಿನ ವಾಕಿಂಗ್ ಶುರು ಮಾಡಿದೆ. ವಾರಕ್ಕೆ ಐದು ದಿನ, ಮುಕ್ಕಾಲು ಗಂಟೆ. ಮೊದಲ ವಾರ ಮಂಡಿ ಹಿಡಿಯಿತು, ಆಮೇಲೆ ರೂಢಿಯಾಯಿತು. ಎರಡು ತಿಂಗಳಿಗೆ 152 ಇದ್ದ ಬಿಪಿ 136ಕ್ಕೆ ಇಳಿದಿತ್ತು. ಅಲ್ಲಿಗೇ ಸುಮ್ಮನಿದ್ದಿದ್ದರೆ ಈ ಬರಹವೇ ಬೇಕಿರಲಿಲ್ಲ.

ಒಂದು ಭಾನುವಾರ ವಾಕಿಂಗ್ ಗೆಳತಿಯೊಬ್ಬರು ‘ಉಚಿತ ತಪಾಸಣೆ ಇದೆ, ಬಾರೇ’ ಅಂತ ಎಳೆದುಕೊಂಡು ಹೋದರು. ಒಂದು ಮೇಜು, ಒಂದು ಲ್ಯಾಪ್‌ಟಾಪ್. ಕೈಯಲ್ಲಿ ಒಂದು ಲೋಹದ ಕಡ್ಡಿ ಹಿಡಿದುಕೊಂಡು ಒಂದು ನಿಮಿಷ ಕೂರಬೇಕು, ಅಷ್ಟೆ. ರಕ್ತ ಇಲ್ಲ, ಸೂಜಿ ಇಲ್ಲ. ಪ್ರಿಂಟರ್‌ನಿಂದ ಹಾಳೆಗಳು ಬಂದವು ನೋಡಿ, ನಮ್ಮ ಶಾಲೆಯ ಪ್ರಶ್ನೆಪತ್ರಿಕೆ ಕಟ್ಟಿನಷ್ಟು. ಕೆಂಪು ಗೆರೆ ಎಳೆದಿದ್ದ ಜಾಗ ತೋರಿಸಿ ಆ ಹುಡುಗ ಹೇಳಿದ: ‘ಆಕ್ಸಿಡೇಟಿವ್ ಸ್ಟ್ರೆಸ್ ಜಾಸ್ತಿ ಇದೆ ಅಕ್ಕಾ. ನಿಮ್ಮ ಹೃದಯ ಒಳಗಿಂದ ತುಕ್ಕು ಹಿಡೀತಿದೆ. ವಾಕ್ ಮಾಡಿದಾಗ ಉಸಿರು ಜಾಸ್ತಿ ತಗೋತೀರಲ್ಲ, ಅದರಿಂದ ಇನ್ನೂ ಜಾಸ್ತಿ ಆಗುತ್ತೆ.’

ತುಕ್ಕು ಅಂದರೆ ಮಲೆನಾಡಿನವರಿಗೆ ಬೇರೆ ವಿವರಣೆ ಬೇಕೇ? ಮಳೆಗಾಲ ಹಿಡಿದಾಗ ಹೊರಗೆ ಮರೆತ ಕತ್ತಿ ಶ್ರಾವಣದ ಹೊತ್ತಿಗೆ ಏನಾಗಿರುತ್ತದೆ ಅಂತ ನೋಡಿ ಬೆಳೆದವಳು ನಾನು. ನಂಬಿದೆ. ಡಬ್ಬಕ್ಕೆ 1,850 ರೂಪಾಯಿ. ದಿನಕ್ಕೆರಡು ಚಮಚ, ಬಿಸಿನೀರಿಗೆ.

ಹೊಳೆಮತ್ತಿ ಚಕ್ಕೆ, ನೆಲ್ಲಿಕಾಯಿ ಎಲ್ಲ ಇದೆ ಅಂದಿದ್ದ. ತೀರ್ಥಹಳ್ಳಿ ಹತ್ತಿರದ ನಮ್ಮ ತವರಿನ ಹಳ್ಳದ ದಂಡೆಯಲ್ಲೇ ಹೊಳೆಮತ್ತಿ ಇದೆ, ಅದರ ಚಕ್ಕೆ ಒಗರು ಅಂತ ಬಾಯಿಗೇ ಗೊತ್ತು. ನೆಲ್ಲಿಯೂ ಒಗರು, ಹುಳಿ. ಈ ಪುಡಿ ಮಾತ್ರ ಸಿಹಿ, ಗಂಟಲಲ್ಲಿ ನಿಲ್ಲುವಂಥ ಸಿಹಿ. ಆ ಸಿಹಿ ಎಲ್ಲಿಂದ ಬಂತು ಅಂತ ಒಂದು ದಿನವೂ ಯೋಚಿಸಲಿಲ್ಲ. ಮಕ್ಕಳಿಗೆ ವಿಜ್ಞಾನ ಪಾಠ ಮಾಡುವವಳು!

ಮೂರನೇ ವಾರಕ್ಕೆ ಉಂಗುರ ಬಿಗಿಯಾಯಿತು, ಪಾದ ಊದಿತು. ರಾತ್ರಿ ಮೀನಖಂಡ ಹಿಡಿದುಕೊಂಡು ಎದ್ದು ಕೂರುವ ಹಾಗಾಯಿತು. ಮಲಬದ್ಧತೆ ಬೇರೆ. ಮನೆಯ ಮಿಷನ್ನಿನಲ್ಲಿ ಬಿಪಿ 166. ನಾನು ಮಾಡಿದ ದೊಡ್ಡ ತಪ್ಪು ಇಲ್ಲೇ: ಸಂಶಯ ಪಟ್ಟಿದ್ದು ವಾಕಿಂಗ್ ಮೇಲೆ. ಕಾಲು ನೋವಿಗೆ ನಡಿಗೆಯೇ ಕಾರಣ ಅಂತ ಅದನ್ನು ನಿಲ್ಲಿಸಿದೆ. ಪುಡಿ ನಿಲ್ಲಿಸಲಿಲ್ಲ. ಫೋನ್ ಮಾಡಿ ಕೇಳಿದರೆ ಆ ಹುಡುಗ, ‘ಮೈಯಲ್ಲಿರೋ ವಿಷ ಹೊರಗೆ ಹೋಗ್ತಿದೆ ಅಕ್ಕಾ, ಒಳ್ಳೇ ಲಕ್ಷಣ, ಇನ್ನೊಂದು ಚಮಚ ಜಾಸ್ತಿ ಮಾಡಿ’ ಅಂದ. ಮಾಡಿದೆ.

ಏಳನೇ ವಾರ ತವರಿಗೆ ಹೋಗಿದ್ದೆ. ಕೊನೆ ಕೊಯ್ಲು ಮುಗಿದು ಅಂಗಳದ ತುಂಬ ಅಡಿಕೆ ಹರಡಿತ್ತು. ತೋಟದಿಂದ ಮನೆಗೆ ದರೆ ಹತ್ತುವಾಗ ಅರ್ಧಕ್ಕೆ ತೊಡೆಗಳು ನನ್ನವಲ್ಲ ಅನ್ನಿಸಿತು. ಕೂತೆ, ಏಳಲಾಗಲಿಲ್ಲ. ಎದೆ ಎರಡು ಸಲ ಬಡಿದು ಮೂರನೆಯದನ್ನು ಮರೆತ ಹಾಗೆ. ಅಣ್ಣ ಎತ್ತಿ ಕಾರಿಗೆ ಹಾಕಿದ. ಮಂಡಗದ್ದೆ ದಾಟುವಷ್ಟರಲ್ಲಿ ಕತ್ತು ಎತ್ತುವುದೂ ಕಷ್ಟವಾಗಿತ್ತು.

ಶಿವಮೊಗ್ಗದ ಆಸ್ಪತ್ರೆಯಲ್ಲಿ ಪೊಟ್ಯಾಸಿಯಂ 2.4 ಬಂತು. ಇರಬೇಕಾದದ್ದು 3.5ರಿಂದ 5ರ ನಡುವೆ. ಅಷ್ಟು ಇಳಿದರೆ ಮಾಂಸಖಂಡ ಸೋಲುವುದಷ್ಟೇ ಅಲ್ಲ, ಹೃದಯದ ತಾಳ ತಪ್ಪಿ ನಿಂತೇ ಹೋಗಬಹುದು. ಐಸಿಯುಗೆ ಹಾಕಿದರು. ಪೊಟ್ಯಾಸಿಯಂ ಡ್ರಿಪ್ ಏರಿಸಿಕೊಂಡವರಿಗೆ ಗೊತ್ತಿರುತ್ತದೆ, ನರದುದ್ದಕ್ಕೂ ಬೆಂಕಿ ಹರಿದ ಹಾಗೆ ಉರಿ.

ಡಾಕ್ಟರು ‘ಬೇರೆ ಏನಾದ್ರೂ ಔಷಧಿ ತಗೋತೀರಾ ಮೇಡಂ?’ ಅಂತ ಕೇಳಿದಾಗ ಇಲ್ಲ ಅಂದೆ. ಎರಡನೇ ಸಲವೂ ಇಲ್ಲ ಅಂದೆ. ಸುಳ್ಳು ಹೇಳಿದ್ದಲ್ಲ, ಪುಡಿಯನ್ನು ನಾನು ಔಷಧಿಯ ಲೆಕ್ಕಕ್ಕೇ ಹಿಡಿದಿರಲಿಲ್ಲ. ಮೂರನೇ ಸಲ ಅವರು ‘ಕಷಾಯ, ಪುಡಿ, ಲೇಹ್ಯ ಏನಾದ್ರೂ?’ ಅಂದ ಮೇಲೆ ನಮ್ಮನೆಯವರು ಮನೆಗೆ ಓಡಿ ಡಬ್ಬ ತಂದರು. ಡಾಕ್ಟರು ಮುಚ್ಚಳ ತೆಗೆಯಲೇ ಇಲ್ಲ. ಚೀಟಿ ಓದಿ ನರ್ಸ್ ಕೈಗೆ ಕೊಟ್ಟರು.

ಆಮೇಲೆ ವಿವರವಾಗಿ ಹೇಳಿದವನು ಫಾರ್ಮಕಾಲಜಿ ಓದುತ್ತಿರುವ ಅಕ್ಕನ ಮಗ. ಜ್ಯೇಷ್ಠಮಧುವಿನ ಸಿಹಿಗೆ ಕಾರಣ ಗ್ಲಿಸಿರೈಝಿನ್. ನಮ್ಮ ಮೂತ್ರಪಿಂಡದಲ್ಲಿ ಕಾರ್ಟಿಸಾಲ್ ಅನ್ನೋ ಹಾರ್ಮೋನನ್ನು ಅಲ್ಲಲ್ಲೇ ನಿಷ್ಕ್ರಿಯ ಮಾಡುವ ಒಂದು ಕಿಣ್ವ ಇದೆ. ಗ್ಲಿಸಿರೈಝಿನ್ ಅದರ ಕೈ ಕಟ್ಟುತ್ತದೆ. ಆಗ ನಿಷ್ಕ್ರಿಯವಾಗದೆ ಉಳಿದ ಕಾರ್ಟಿಸಾಲ್‌ನಿಂದ ಉಪ್ಪು, ನೀರು ಮೈಯಲ್ಲೇ ಉಳಿದು ಬಿಪಿ ಏರುತ್ತದೆ, ಪೊಟ್ಯಾಸಿಯಂ ಮೂತ್ರದಲ್ಲಿ ಸೋರಿ ಹೋಗುತ್ತದೆ. ನನ್ನ ಕ್ಲೋರ್‌ಥಾಲಿಡೋನ್ ಮೊದಲೇ ಪೊಟ್ಯಾಸಿಯಂ ಸೋರಿಸುತ್ತಿತ್ತಲ್ಲ, ಒಂದೇ ಕೊಡಕ್ಕೆ ಎರಡು ತೂತು ಬಿದ್ದವು. ಯುರೋಪಿನಲ್ಲಿ ದಿನಕ್ಕೆ 100 ಮಿಲಿಗ್ರಾಂ ಗ್ಲಿಸಿರೈಝಿನ್ ದಾಟಬಾರದು ಅಂತ ಸಲಹೆ ಇದೆ. ಬೇರಿನಲ್ಲಿ ನೂರಕ್ಕೆ 2ರಷ್ಟು ಅಂತ ಹಿಡಿದರೂ 5 ಗ್ರಾಂ ಪುಡಿಗೇ ಅಷ್ಟಾಗುತ್ತದೆ, ಎಷ್ಟೋ ಬೇರುಗಳಲ್ಲಿ ಅದಕ್ಕಿಂತ ಹೆಚ್ಚೇ ಇರುತ್ತದೆ. ಅಮೆರಿಕದಲ್ಲಿ 54 ವರ್ಷದ ಕೂಲಿ ಕೆಲಸದವರೊಬ್ಬರು ಕೆಲವು ವಾರ ದಿನಾ ಈ ಬೇರಿನ ಕಪ್ಪು ಮಿಠಾಯಿ ತಿಂದು ಸತ್ತರು. 2020ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲೇ ಬಂದ ಪ್ರಕರಣ ಅದು.

ತುಕ್ಕಿನ ಕಥೆ ಏನು ಅಂತ ಕೇಳಿದೆ. ‘ಅರ್ಧ ನಿಜ ಚಿಕ್ಕಮ್ಮ, ಅದಕ್ಕೇ ವ್ಯಾಪಾರ ಆಗೋದು’ ಅಂದ. ವ್ಯಾಯಾಮ ಮಾಡುವಾಗ ಜೀವಕೋಶಕ್ಕೆ ಪೆಟ್ಟು ಕೊಡುವ ಫ್ರೀ ರ‍್ಯಾಡಿಕಲ್‌ಗಳು ಹೆಚ್ಚುವುದು ಹೌದು. ಆದರೆ ಆ ಸಣ್ಣ ಪೆಟ್ಟನ್ನು ನೋಡಿಯೇ ದೇಹ ತನ್ನದೇ ರಕ್ಷಣೆಯ ಕಿಣ್ವಗಳನ್ನು ಹೆಚ್ಚಿಸಿಕೊಳ್ಳುವುದು. 2009ರಲ್ಲಿ ಜರ್ಮನಿಯಲ್ಲಿ ಯುವಕರಿಗೆ ನಾಲ್ಕು ವಾರ ವ್ಯಾಯಾಮದ ಜೊತೆ, ಅವುಗಳನ್ನು ತಡೆಯುವ ವಿಟಮಿನ್ ಸಿ ಮತ್ತು ಇ ಕೊಟ್ಟು ನೋಡಿದ್ದಾರೆ. ಮಾತ್ರೆ ತಿಂದವರಲ್ಲಿ ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡುವಂಥ ಲಾಭ ಕಾಣಲಿಲ್ಲ, ತಿನ್ನದವರಲ್ಲಿ ಕಂಡಿತು. ಅದಕ್ಕೂ ಮುಂಚೆ, 2000ದಲ್ಲಿ ಪ್ರಕಟವಾದ ‘ಹೋಪ್’ ಅಧ್ಯಯನದಲ್ಲಿ 9,000ಕ್ಕೂ ಹೆಚ್ಚು ಜನರಲ್ಲಿ ಅರ್ಧದಷ್ಟು ಮಂದಿಗೆ ವರ್ಷಗಟ್ಟಲೆ ವಿಟಮಿನ್ ಇ ಕೊಟ್ಟರೂ ಹೃದಯಾಘಾತ ಕಡಿಮೆಯಾಗಲಿಲ್ಲ. ಅಂದರೆ ನಾನು ಬಿಟ್ಟದ್ದು ಕೆಲಸ ಮಾಡುತ್ತಿದ್ದ ಮದ್ದನ್ನು. ದುಡ್ಡು ಕೊಟ್ಟು ಕುಡಿದದ್ದು ಕೆಡುಕನ್ನು.

ಆಯುರ್ವೇದವನ್ನು ಬೈಯಲು ಇದನ್ನು ಬರೆದದ್ದಲ್ಲ. ನನಗೆ ಪರಿಚಯದ ಆಯುರ್ವೇದ ವೈದ್ಯರೊಬ್ಬರು ಕೇಳಿದ ಮೊದಲ ಪ್ರಶ್ನೆಯೇ ‘ಬಿಪಿ ಇರೋರಿಗೆ ಯಷ್ಟಿಮಧು ಅಷ್ಟೊಂದು ಯಾರು ಕೊಟ್ಟಿದ್ದು?’ ಅಂತ. ಯಾರೂ ಕೊಟ್ಟಿರಲಿಲ್ಲ, ಮಾರಿದ್ದರು. ಡಬ್ಬದ ಮೇಲೆ ಔಷಧ ತಯಾರಿಕೆಯ ಪರವಾನಗಿ ಸಂಖ್ಯೆಯೇ ಇರಲಿಲ್ಲ, ಇದ್ದದ್ದು ಆಹಾರ ಪದಾರ್ಥಕ್ಕೆ ಕೊಡುವ 14 ಅಂಕಿಯ ನಂಬರು. ಹೃದ್ರೋಗ, ರಕ್ತದೊತ್ತಡ ವಾಸಿ ಮಾಡುತ್ತೇವೆ ಅಂತ ಜಾಹೀರಾತು ಕೊಡುವುದಕ್ಕೆ 1954ರ ಕಾಯ್ದೆಯಲ್ಲೇ ನಿಷೇಧ ಇದೆ. ಚೀಟಿಯಲ್ಲಿ ‘ಆರೋಗ್ಯ ಪೂರಕ’ ಅಂತ ಬರೆದು, ಬಾಯಲ್ಲಿ ‘ಬ್ಲಾಕೇಜ್ ಕರಗುತ್ತೆ’ ಅಂದುಬಿಟ್ಟರೆ ಹಿಡಿಯುವವರು ಯಾರು? ಅಂದಹಾಗೆ ಕೈಯಲ್ಲಿ ಕಡ್ಡಿ ಹಿಡಿಸಿ ಹೃದಯದ ತುಕ್ಕು ಅಳೆಯುವ ಯಂತ್ರ ಯಾವ ಆಸ್ಪತ್ರೆಯಲ್ಲೂ ಇಲ್ಲ.

ಪುಡಿ ನಿಲ್ಲಿಸಿದ ಮೇಲೂ ಪೊಟ್ಯಾಸಿಯಂ ಒಂದು ಹದಕ್ಕೆ ಬರಲು ಎರಡು ವಾರ ಬೇಕಾಯಿತು. ಮನೆಯ ಕಷಾಯದ ಪುಡಿಗೆ ಅತ್ತೆ ಹಾಕುತ್ತಿದ್ದ ಜ್ಯೇಷ್ಠಮಧುವಿನ ತುಂಡನ್ನೂ ನನ್ನ ಪಾಲಿಗೆ ಬಿಟ್ಟಿದ್ದಾರೆ. ಜೀರಿಗೆ, ಕೊತ್ತಂಬರಿ, ಕಾಳುಮೆಣಸು ಸಾಕು. ಕೆಮ್ಮಿಗೆ ಒಂದು ದಿನ ಚೂರು ಬೇರು ಜಗಿದರೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ, ನಾನು ಹೇಳುತ್ತಿರುವುದು ಏಳು ವಾರ ಚಮಚಗಟ್ಟಲೆ ಕುಡಿದ ಕಥೆ.

ವಾಕಿಂಗ್ ಮತ್ತೆ ಶುರು ಮಾಡಿದ್ದೇನೆ. ಮೇಜು ಹಾಕಿದ್ದ ಹುಡುಗ ಈಗ ಕಾಣುವುದಿಲ್ಲ, ಬೇರೆ ಬಡಾವಣೆಗೆ ಹೋಗಿರಬೇಕು. ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋದ ಗೆಳತಿಗೆ ಇಷ್ಟೂ ಕಥೆ ಹೇಳಿದೆ. ಅವರಿಗೂ ಬಿಪಿ ಇದೆ. ಪೂರ್ತಿ ಕೇಳಿಸಿಕೊಂಡು, ‘ನಿನಗೆ ಆಗಿಬರಲಿಲ್ಲ ಕಣೇ, ನಂಗೇನೂ ಆಗಿಲ್ಲ’ ಅಂದರು. ಕಾಲಿನ ಚಪ್ಪಲಿ ಬಿಗಿಯಾಗಿ ಪಾದದ ಮೇಲೆ ಪಟ್ಟಿಯ ಗುರುತು ಮೂಡಿತ್ತು. ನಾಳೆ ರಕ್ತ ಪರೀಕ್ಷೆಗೆ ನಾನೇ ಕರೆದುಕೊಂಡು ಹೋಗುತ್ತಿದ್ದೇನೆ.