ಗುಜರಿ ಹೌಸಿಂಗ್ ತಂದು ಪಿಕಪ್ಪಿನ ಹಿಂದಿನ ಆಕ್ಸಲ್ ಬದಲಿಸುವ ಮುನ್ನ

ಮೂಡಿಗೆರೆ ಕಡೆ ಸಣ್ಣ ಕಾಫಿ ತೋಟವಿರುವ ನಾನು ಹಳೆಯ ಫೋರ್ ವೀಲ್ ಡ್ರೈವ್ ಪಿಕಪ್ ಒಂದನ್ನು ವರ್ಷಗಳಿಂದ ಓಡಿಸುತ್ತಿದ್ದೇನೆ. ಅದರ ಹಿಂದಿನ ಆಕ್ಸಲ್ಲನ್ನು ಹೌಸಿಂಗ್ (ಆಕ್ಸಲ್ ಮತ್ತು ಅದರ ಗೇರುಗಳನ್ನು ಒಳಗಿಟ್ಟುಕೊಂಡ ಕವಚ) ಸಮೇತ ಬದಲಿಸಲು ಹೋಗಿ ನಾನು ಪಟ್ಟ ಪಾಡನ್ನು, ಇಂತಹದೇ ಆಲೋಚನೆಯಲ್ಲಿರುವವರ ಗಮನಕ್ಕೆಂದು ಇಲ್ಲಿ ಬರೆಯುತ್ತಿದ್ದೇನೆ.

ತಪ್ಪು ಶುರುವಾದದ್ದು ಟೈರಿನಿಂದ. ಮೂಲದಲ್ಲಿದ್ದ 215/75 ಆರ್15 ಟೈರಿನ ವ್ಯಾಸ ಸುಮಾರು 703 ಮಿಲಿಮೀಟರ್. ಕೆಸರಿನಲ್ಲಿ ಹೊಟ್ಟೆ ತಾಗಬಾರದೆಂದು ನಾನು 31 ಇಂಚಿನ, ಅಂದರೆ ಹತ್ತಿರ ಹತ್ತಿರ 787 ಮಿಲಿಮೀಟರಿನ ಟೈರ್ ಹಾಕಿಸಿದೆ. ಚಕ್ರ ಶೇಕಡ 12ರಷ್ಟು ದೊಡ್ಡದಾದರೆ ಎಂಜಿನ್ನಿನ ಎಳೆತವೂ ಅಷ್ಟರಮಟ್ಟಿಗೆ ಚಕ್ರದ ಅಂಚಿನಲ್ಲಿ ಕುಗ್ಗುತ್ತದೆ ಎಂಬ ಸರಳ ಲೆಕ್ಕ ಆಗ ನನಗೆ ಹೊಳೆಯಲಿಲ್ಲ. ಗೊಬ್ಬರದ ಮೂಟೆ ಹೇರಿಕೊಂಡು ಏರು ಹತ್ತುವಾಗ ಎರಡನೇ ಗೇರಿನಲ್ಲಿ ಹೋಗುತ್ತಿದ್ದ ಗಾಡಿ ಮೊದಲನೆಯದಕ್ಕೆ ಇಳಿಯತೊಡಗಿತು, ಕ್ಲಚ್ ಸುಟ್ಟ ವಾಸನೆ ಬರತೊಡಗಿತು. ಹಳೆಯ ಟೈರನ್ನೇ ಮರಳಿ ಹಾಕಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ನಾನು ಮೇಸ್ತ್ರಿಯ ಮಾತು ಕೇಳಿದೆ.

ಆಕ್ಸಲ್ಲಿನೊಳಗೆ ಪಿನಿಯನ್ ಎಂಬ ಚಿಕ್ಕ ಗೇರು ಕ್ರೌನ್ ಎಂಬ ದೊಡ್ಡ ಗೇರನ್ನು ತಿರುಗಿಸುತ್ತದೆ; ಎರಡರ ಹಲ್ಲುಗಳ ಅನುಪಾತ ಹೆಚ್ಚಾದಷ್ಟೂ ಚಕ್ರಕ್ಕೆ ಎಳೆತ ಹೆಚ್ಚು. ನನ್ನ ಗಾಡಿಯ ಕ್ರೌನ್‌ಗೆ 41 ಹಲ್ಲು, ಪಿನಿಯನ್‌ಗೆ 10, ಅನುಪಾತ 4.10. ಗುಜರಿಯಲ್ಲಿ ಸಿಕ್ಕ ಹೌಸಿಂಗಿನಲ್ಲಿದ್ದದ್ದು 39 ಮತ್ತು 8, ಅಂದರೆ ಸುಮಾರು 4.88. 'ಒಂದೇ ಕಂಪನಿಯ ಮಾಲು ಸಾರ್, ಬೋಲ್ಟ್ ಬಿಚ್ಚಿ ಬೋಲ್ಟ್ ಹಾಕುವ ಕೆಲಸ ಅಷ್ಟೆ' ಎಂದರು ಮೇಸ್ತ್ರಿ. ಆ ಮಾತನ್ನು ಒಪ್ಪಿಕೊಂಡು, ಒಂದು ಟೇಪು ಹಿಡಿದೂ ಅಳೆಯದೆ ಹಣ ಕೊಟ್ಟದ್ದು ನನ್ನದೇ ಮೂರ್ಖತನ.

ಹೌಸಿಂಗಿನ ಮೇಲೆ ಕಮಾನುಪಟ್ಟಿ (ಲೀಫ್ ಸ್ಪ್ರಿಂಗ್) ಕೂರುವ ಎರಡು ಪೀಠಗಳ ನಡುವಿನ ಅಂತರ ನನ್ನ ಚಾಸಿಗೆ ಹೊಂದಲಿಲ್ಲ. ಪೀಠಗಳನ್ನು ಕತ್ತರಿಸಿ, ಕಣ್ಣಂದಾಜಿನಲ್ಲಿ ಸರಿಸಿ ವೆಲ್ಡ್ ಮಾಡಿದರು. ಪಿನಿಯನ್ನಿನ ಮೂತಿ ಯಾವ ಕೋನದಲ್ಲಿ ನಿಲ್ಲಬೇಕೆಂಬುದನ್ನು ಈ ಪೀಠಗಳೇ ನಿರ್ಧರಿಸುತ್ತವೆ. ಅದು ತಪ್ಪಿದ್ದರಿಂದ ಗಂಟೆಗೆ 45 ಕಿಲೋಮೀಟರ್ ದಾಟಿದೊಡನೆ ಗೇರ್‌ಬಾಕ್ಸಿನ ಕಡೆಯಿಂದ ಆಕ್ಸಲ್ಲಿಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ನಡುಗಿ ಇಡೀ ಕ್ಯಾಬಿನ್ನು ಗುಂಯ್‌ಗುಡುತ್ತಿತ್ತು. ವೆಲ್ಡಿಂಗ್ ಕಾವಿಗೆ ಹೌಸಿಂಗಿನ ಕೊಳವೆ ಕೊಂಚ ಬಾಗಿದ್ದಿರಬೇಕು. ಎಡಗಡೆಯ ಆಯಿಲ್ ಸೀಲ್ ಎರಡು ತಿಂಗಳಲ್ಲಿ ಎರಡು ಸಲ ಹೋಯಿತು, ಗೇರ್ ಆಯಿಲ್ ಬ್ರೇಕ್ ಲೈನರಿಗೆ ಇಳಿಯಿತು.

ಇದಕ್ಕಿಂತ ಭಯಾನಕವಾದದ್ದು ಒಂದು ತುಂಡು ಬೈಂಡಿಂಗ್ ವೈರು. ಹಿಂದೆ ಎಷ್ಟು ಭಾರವಿದೆಯೋ ಅದಕ್ಕೆ ತಕ್ಕಂತೆ ಹಿಂದಿನ ಬ್ರೇಕಿಗೆ ಹೋಗುವ ಒತ್ತಡವನ್ನು ಹೆಚ್ಚು ಕಡಿಮೆ ಮಾಡುವ ವಾಲ್ವ್ ಒಂದು ಇಂತಹ ಹಲವು ಪಿಕಪ್ಪುಗಳಲ್ಲಿರುತ್ತದೆ. ಅದರ ಕಡ್ಡಿ ಆಕ್ಸಲ್ಲಿಗೆ ಸೇರಿರುತ್ತದೆ. ಹೊಸ ಹೌಸಿಂಗಿನಲ್ಲಿ ಆ ಕಡ್ಡಿ ಸಿಕ್ಕಿಸುವ ಕೊಂಡಿ ಇರಲಿಲ್ಲ. ಮೇಸ್ತ್ರಿ ಕಡ್ಡಿಯನ್ನು ಮೇಲಕ್ಕೆತ್ತಿ ವೈರಿನಿಂದ ಕಟ್ಟಿ ಬಿಟ್ಟಿದ್ದರು. ಅಂದರೆ ವಾಲ್ವಿನ ಪಾಲಿಗೆ ಗಾಡಿ ಸದಾ ಪೂರ್ತಿ ಲೋಡಿನಲ್ಲಿತ್ತು. ಜೂನ್ ತಿಂಗಳ ಮಳೆಯಲ್ಲಿ ಖಾಲಿ ಗಾಡಿಯೊಂದಿಗೆ ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿಯುವಾಗ, ತಿರುವಿನ ಮೊದಲು ಬ್ರೇಕ್ ತುಳಿದೊಡನೆ ಹಿಂದಿನ ಚಕ್ರಗಳು ಕಚ್ಚಿಕೊಂಡು ಗಾಡಿಯ ಬಾಲ ತಡೆಗೋಡೆಯ ಕಡೆಗೆ ಜಾರಿತು. ಎದುರಿನಿಂದ ಯಾರೂ ಬರುತ್ತಿರಲಿಲ್ಲ ಎಂಬುದರ ಹೊರತು ನಾನು ಉಳಿದದ್ದಕ್ಕೆ ಬೇರೆ ಕಾರಣವಿಲ್ಲ. ಕೆಳಗಿಳಿದ ಮೇಲೆ ಗಾಡಿಯಡಿ ನುಗ್ಗಿ ನೋಡಿದಾಗಲೇ ಆ ವೈರು ಕಣ್ಣಿಗೆ ಬಿದ್ದದ್ದು.

ಅಷ್ಟಾದರೂ ನನಗೆ ಬುದ್ಧಿ ಬರಲಿಲ್ಲ ಎನ್ನಬೇಕು. ಕಡ್ಡಿಗೆ ಕೊಂಡಿ ಮಾಡಿಸಿ, ಸೀಲ್ ಮತ್ತು ಲೈನರ್ ಬದಲಿಸಿ ಮತ್ತೆ ಓಡಿಸಿದೆ. ಮುಂದಿನ ಆಕ್ಸಲ್ಲಿನಲ್ಲಿ ಇನ್ನೂ 4.10 ಇದೆ, ಹಿಂದೆ 4.88 ಇದೆ ಎಂಬುದನ್ನು ಮೇಸ್ತ್ರಿಯೂ ಎಣಿಸಲಿಲ್ಲ, ನಾನೂ ಕೇಳಲಿಲ್ಲ. ಫೋರ್ ವೀಲ್ ಹಾಕಿದಾಗ, ಎಂಜಿನ್ ಶಕ್ತಿಯನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಟ್ರಾನ್ಸ್‌ಫರ್ ಕೇಸ್ ಮುಂದಿನ ಮತ್ತು ಹಿಂದಿನ ಎರಡೂ ಶಾಫ್ಟುಗಳನ್ನು ಒಂದೇ ವೇಗದಲ್ಲಿ ತಿರುಗಿಸುತ್ತದೆ. ಹಲ್ಲಿನ ಲೆಕ್ಕ ಬೇರೆಯಾದಾಗ ಮುಂದಿನ ಚಕ್ರ ಹಿಂದಿನದಕ್ಕಿಂತ ಶೇಕಡ 19ರಷ್ಟು ಹೆಚ್ಚು ತಿರುಗಲು ಹೆಣಗುತ್ತದೆ. ಕೆಸರಿನಲ್ಲಾದರೆ ಟೈರು ಜಾರಿ ಈ ಜಗಳವನ್ನು ಮುಚ್ಚಿಹಾಕುತ್ತದೆ. ನಮ್ಮ ತೋಟದ ಏರಿನಲ್ಲಿ ಸ್ವಲ್ಪ ದೂರ ಕಾಂಕ್ರೀಟ್ ಹಾಕಿದೆ. ಅಲ್ಲಿಗೆ ಬಂದೊಡನೆ ಸ್ಟಿಯರಿಂಗ್ ಕಲ್ಲಿನಂತಾಯಿತು, ಫೋರ್ ವೀಲ್ ಬಿಡಿಸುವ ಲಿವರ್ ಎಳೆದರೆ ಬರಲಿಲ್ಲ, ಇನ್ನೊಂದು ಮಾರು ಮುಂದೆ ಹೋಗುವಷ್ಟರಲ್ಲಿ ಫಟ್ ಎಂದು ಕೇಸಿನೊಳಗೇ ಏನೋ ಒಡೆಯಿತು. ಅದರ ದುರಸ್ತಿಗೆ ಆದ ಖರ್ಚಿನ ಮುಂದೆ ಗುಜರಿಯವನಿಗೆ ಕೊಟ್ಟ ಹಣ ಏನೂ ಅಲ್ಲ.

ಹೌಸಿಂಗ್ ಬಿಚ್ಚದೆಯೇ ಅನುಪಾತ ತಿಳಿಯುವ ದಾರಿಯನ್ನು ಆಮೇಲೆ ಬೇರೊಬ್ಬ ಹಿರಿಯ ಮೇಸ್ತ್ರಿ ತೋರಿಸಿಕೊಟ್ಟರು. ಸಾಧಾರಣ ಡಿಫರೆನ್ಷಿಯಲ್ (ಎರಡು ಬದಿಯ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರು ಜೋಡಣೆ) ಇರುವ ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಮುಂದಿನ ಚಕ್ರಗಳಿಗೆ ಭದ್ರವಾಗಿ ಕಲ್ಲು ಕೊಟ್ಟು, ನ್ಯೂಟ್ರಲ್‌ಗೆ ಹಾಕಿ ಹ್ಯಾಂಡ್ ಬ್ರೇಕ್ ಬಿಟ್ಟು, ಹಿಂದಿನ ಒಂದು ಚಕ್ರವನ್ನು ಮಾತ್ರ ಜ್ಯಾಕಿನಿಂದ ಎತ್ತಿ ಎರಡು ಪೂರ್ತಿ ಸುತ್ತು ತಿರುಗಿಸಬೇಕು. ಅಷ್ಟರಲ್ಲಿ ಪ್ರೊಪೆಲ್ಲರ್ ಶಾಫ್ಟ್ ನಾಲ್ಕು ಸುತ್ತಿಗಿಂತ ತುಸು ಹೆಚ್ಚು ತಿರುಗಿದರೆ 4.10, ಐದಕ್ಕೆ ತುಸು ಕಡಿಮೆ ತಿರುಗಿದರೆ 4.88. ಶಾಫ್ಟಿನ ಮೇಲೆ ಸೀಮೆಸುಣ್ಣದ ಗುರುತು ಹಾಕಿಕೊಂಡರೆ ಸಾಕು. ಹತ್ತು ನಿಮಿಷದ ಕೆಲಸ. ಹೌಸಿಂಗ್ ಬೇಡ, ಹಲ್ಲನ್ನಷ್ಟೇ ಬದಲಿಸುತ್ತೇನೆ ಎನ್ನುವವರು ಕ್ರೌನ್ ಮತ್ತು ಪಿನಿಯನ್ನುಗಳನ್ನು ಜೋಡಿಯಾಗಿಯೇ ಕೊಳ್ಳಬೇಕು. ಕಾರ್ಖಾನೆಯಲ್ಲೇ ಜೊತೆಗೂಡಿಸಿ ಎರಡರ ಮೇಲೂ ಒಂದೇ ಸಂಖ್ಯೆ ಕೆತ್ತಿರುತ್ತಾರೆ. ಡಯಲ್ ಗೇಜ್ ಎಂಬ ಸೂಕ್ಷ್ಮ ಅಳತೆಯ ಉಪಕರಣ ಇಲ್ಲದೆ ಕೈಯಲ್ಲಿ ಅಲುಗಾಡಿಸಿ ಹಲ್ಲುಗಳ ನಡುವಿನ ಸಂದು ನೋಡುವವರಿಗೆ ಆ ಕೆಲಸ ಕೊಡಬೇಡಿ.

ಕಾನೂನಿನ ಮಾತನ್ನೂ ಹೇಳಿಬಿಡುತ್ತೇನೆ. ತಯಾರಕರು ಕೊಟ್ಟ ಮೂಲ ವಿವರಕ್ಕೆ ಆರ್‌ಸಿಯಲ್ಲಿನ ವಿವರ ತಾಳೆಯಾಗದಂತೆ ವಾಹನವನ್ನು ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ನಿರ್ಬಂಧಿಸುತ್ತದೆ. 2019ರ ತಿದ್ದುಪಡಿಯ ನಂತರ ಅನುಮತಿಯಿಲ್ಲದ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಸೆರೆ, ಅಥವಾ ಎರಡನ್ನೂ ವಿಧಿಸಬಹುದು. ಚಾರ್ಮಾಡಿಯಲ್ಲಿ ಆ ದಿನ ಯಾರಿಗಾದರೂ ತಗುಲಿದ್ದರೆ, ಕತ್ತರಿಸಿ ಬೆಸೆದ ಹೌಸಿಂಗನ್ನು ನೋಡಿದ ವಿಮಾ ಕಂಪನಿಯವರು ಏನು ಹೇಳುತ್ತಿದ್ದರೋ ಎಂದು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಹಳೆಯ ಆಕ್ಸಲ್ಲನ್ನು ಪುಣ್ಯಕ್ಕೆ ಮಾರಿರಲಿಲ್ಲ. ಅದನ್ನೇ ಹೊಸ ಯು-ಬೋಲ್ಟುಗಳೊಂದಿಗೆ ಮರಳಿ ಕೂರಿಸಿ, ಮೂಲ ಅಳತೆಯ ಟೈರ್ ಹಾಕಿಸಿದ್ದೇನೆ; ಗಾಡಿ ಮೊದಲಿನಂತೆ ಎರಡನೇ ಗೇರಿನಲ್ಲಿ ಏರು ಹತ್ತುತ್ತಿದೆ. ಗುಜರಿಯ ಹೌಸಿಂಗ್ ಕಣದ ಬದಿಯ ಶೆಡ್ಡಿನಲ್ಲಿ ಬಿದ್ದಿದೆ. ಈಗಾಗಲೇ ಇಬ್ಬರು ಅದನ್ನು ಕೇಳಿಕೊಂಡು ಬಂದಿದ್ದರು; ಪೀಠ ಕತ್ತರಿಸಿ ಬೆಸೆದಿರುವುದನ್ನು ತೋರಿಸಿ, ಮುಂದಿನ ಆಕ್ಸಲ್ಲಿನ ಸುತ್ತು ಎಣಿಸಿದ್ದೀರಾ ಎಂದು ಕೇಳಿದೆ. ಇಬ್ಬರೂ ಎಣಿಸಿರಲಿಲ್ಲ, ಹಾಗೆಯೇ ಹಿಂದಕ್ಕೆ ಕಳುಹಿಸಿದೆ.